ಸಂಕೇತವನ್ನು ಸಂಕೇತದಿಂದ ಗುಣಿಸಿದಾಗ

ಮೂರು ವರ್ಷದ ಹಿಂದೆ ಒಂದು ಪಠ್ಯಪುಸ್ತಕ ಯೋಜನೆಗೆ ನಾನೊಂದು ಅಧ್ಯಾಯ ಬರೆದುಕೊಟ್ಟಿದ್ದೆ. ಡಿಪ್ಲೊಮಾ ಓದುವ ಹುಡುಗ ಹುಡುಗಿಯರಿಗೆ ಮೊಬೈಲ್ ಸಂವಹನವನ್ನು, ಅದರಲ್ಲೂ ಮುಖ್ಯವಾಗಿ ಸಿಡಿಎಂಎ ತಂತ್ರವನ್ನು, ಕನ್ನಡದಲ್ಲಿ ವಿವರಿಸುವ ಅಧ್ಯಾಯ. ನನ್ನ ಪಿಎಚ್.ಡಿ. ಕೆಲಸವೂ ಅದಕ್ಕೆ ಹತ್ತಿರದ್ದೇ ಆದ್ದರಿಂದ ಖುಷಿಯಿಂದ ಒಪ್ಪಿಕೊಂಡಿದ್ದೆ. ಎರಡು ತಿಂಗಳ ಮೇಲೆ ಪರಿಶೀಲನಾ ಸಮಿತಿಯಿಂದ ಹಸ್ತಪ್ರತಿ ಹಿಂದಕ್ಕೆ ಬಂತು. ಪಾರಿಭಾಷಿಕ ಪದಗಳನ್ನು ಏಕರೂಪಗೊಳಿಸಲಾಗಿದೆ ಎಂದು ಮೇಲೊಂದು ಟಿಪ್ಪಣಿ. ನಾನು ಬರೆದಿದ್ದ ಒಂದು ವಾಕ್ಯ ಹೀಗಿತ್ತು: "ಕಳಿಸುವ ಕಡೆಯಲ್ಲಿ, ಸಿಗ್ನಲ್ಲಿನ ಒಂದೊಂದು ಸಿಂಬಲನ್ನೂ ಆ ಫೋನಿಗೆಂದು ಕೊಟ್ಟ ಕೋಡಿನಿಂದ ಗುಣಿಸುತ್ತಾರೆ." ತಿದ್ದಿದ ಮೇಲೆ ಅದು ಹೀಗಾಗಿತ್ತು: "ಪ್ರೇಷಕ ತುದಿಯಲ್ಲಿ ಸಂಕೇತದ ಪ್ರತಿಯೊಂದು ಸಂಕೇತವೂ ನಿಯೋಜಿತ ಸಂಕೇತದಿಂದ ಗುಣಿಸಲ್ಪಡುತ್ತದೆ."

ಮೊದಲು ನಕ್ಕೆ. ನಾಲ್ಕು ಜನ ಗೆಳೆಯರಿಗೆ ಕಳಿಸಿ ಅವರನ್ನೂ ನಗಿಸಿದೆ. ಆಮೇಲೆ ನಗು ನಿಂತಿತು. ಏಕೆಂದರೆ ಸಮಿತಿ ನಿಘಂಟಿನ ಪ್ರಕಾರ ತಪ್ಪೇನೂ ಮಾಡಿರಲಿಲ್ಲ. ಸಿಗ್ನಲ್‌ಗೂ ಸಂಕೇತ, ಕೋಡ್‌ಗೂ ಸಂಕೇತ, ಸಿಂಬಲ್‌ಗೂ ಸಂಕೇತ. ಒಂದೊಂದಾಗಿ ನೋಡಿದರೆ ಮೂರೂ ಸರಿ. ಮೂರನ್ನೂ ಒಂದು ವಾಕ್ಯದಲ್ಲಿ ಕೂರಿಸಿದರೆ ಪಾಠ ಅಲ್ಲಿಗೆ ಮುಗಿಯಿತು. ನಮ್ಮಲ್ಲಿ ಪಾರಿಭಾಷಿಕ ಪದಗಳ ಕೆಲಸ ನಡೆಯುವುದೇ ಹೀಗೆ. ಪದವನ್ನು ಪಟ್ಟಿಯಲ್ಲಿಟ್ಟು ನೋಡುತ್ತಾರೆ, ವಾಕ್ಯದಲ್ಲಿಟ್ಟು ನೋಡುವುದಿಲ್ಲ. ನನ್ನ ಜಗಳ ಇರುವುದು ಇದರ ಮೇಲೆ.

ಜಗಳಕ್ಕೆ ಮೊದಲು ವಿಷಯವನ್ನು ಸ್ವಲ್ಪ ಹೇಳಬೇಕು. ಒಂದು ಟವರಿನ ಸುತ್ತ ಹತ್ತಾರು ಜನ ಒಟ್ಟಿಗೆ ಫೋನಿನಲ್ಲಿ ಮಾತಾಡುತ್ತಿರುತ್ತಾರೆ. ಒಬ್ಬರ ಮಾತು ಇನ್ನೊಬ್ಬರದಕ್ಕೆ ಬೆರೆಯಬಾರದು. ಇದಕ್ಕೆ ಹಳೆಯ ಉಪಾಯ, ಒಬ್ಬೊಬ್ಬರಿಗೆ ಒಂದೊಂದು ಫ್ರೀಕ್ವೆನ್ಸಿ ಕೊಡುವುದು. ಜಿಎಸ್‌ಎಂ ಕಂಡುಕೊಂಡ ಉಪಾಯ, 200 ಕಿಲೋಹರ್ಟ್ಸ್ ಅಗಲದ ಒಂದು ಪಟ್ಟಿಯನ್ನು ಎಂಟು ಜನ ಸರದಿಯ ಮೇಲೆ ಬಳಸುವುದು. ಸಿಡಿಎಂಎಯ ಉಪಾಯವೇ ಬೇರೆ. ಇಲ್ಲಿ ಎಲ್ಲರೂ ಒಂದೇ ಪಟ್ಟಿಯಲ್ಲಿ, ಒಂದೇ ಹೊತ್ತಿನಲ್ಲಿ ಮಾತಾಡುತ್ತಾರೆ. ಬೇರೆ ಇರುವುದು ಒಬ್ಬೊಬ್ಬರಿಗೂ ಕೊಟ್ಟ ಕೋಡ್ ಮಾತ್ರ. ಕ್ವಾಲ್‌ಕಾಮ್ ಕಂಪನಿ ಮುಂದೆ ತಂದ, 1993ರಲ್ಲಿ ಅಮೆರಿಕದಲ್ಲಿ ಮಾನದಂಡವಾದ ಐಎಸ್-95 ಪದ್ಧತಿಯನ್ನೇ ತೆಗೆದುಕೊಳ್ಳಿ. ಟವರಿನಿಂದ ಫೋನಿಗೆ ಬರುವ ಮಾತು ಹೆಚ್ಚೆಂದರೆ ಸೆಕೆಂಡಿಗೆ 9,600 ಬಿಟ್. ದಾರಿಯಲ್ಲಿ ಕೆಟ್ಟರೂ ಸರಿಪಡಿಸಿಕೊಳ್ಳಲು ಆಗಲಿ ಎಂದು ಅದನ್ನು 19,200 ಸಿಂಬಲ್ ಮಾಡುತ್ತಾರೆ. ಆಮೇಲೆ ಪ್ರತಿ ಸಿಂಬಲನ್ನೂ 64 ಚೂರುಗಳಿರುವ ಕೋಡಿನಿಂದ ಗುಣಿಸುತ್ತಾರೆ. ಆ ಚೂರಿನ ಹೆಸರೇ ಚಿಪ್. ಸೆಕೆಂಡಿಗೆ ಒಟ್ಟು 12,28,800 ಚಿಪ್. ಕಿರಿದಾಗಿದ್ದ ಮಾತು ಈಗ 1.25 ಮೆಗಾಹರ್ಟ್ಸ್ ಅಗಲಕ್ಕೆ ತೆಳ್ಳಗೆ ಹರಡಿಕೊಂಡಿರುತ್ತದೆ. ಸ್ಪ್ರೆಡ್ ಸ್ಪೆಕ್ಟ್ರಮ್ ಎಂಬ ಹೆಸರು ಬಂದದ್ದು ಇದರಿಂದ.

ಇಷ್ಟು ಹೇಳುವುದರೊಳಗೆ ಬಿಟ್, ಸಿಂಬಲ್, ಚಿಪ್, ಕೋಡ್, ಸಿಗ್ನಲ್ ಎಂಬ ಐದು ಬೇರೆ ಬೇರೆ ವಸ್ತುಗಳು ಬಂದುಹೋದವು. ಇವನ್ನು ಬೇರೆಯಾಗಿ ಇಟ್ಟುಕೊಂಡರೆ ಹತ್ತನೇ ತರಗತಿಯ ಗುಣಾಕಾರ ಸಾಕು, ಲೆಕ್ಕ ತಾಳೆಯಾಗುತ್ತದೆ. ಮೂರಕ್ಕೆ ಒಂದೇ ಹೆಸರಿಟ್ಟರೆ ಲೆಕ್ಕವೂ ಇಲ್ಲ, ವಿಷಯವೂ ಇಲ್ಲ. ಉಳಿಯುವುದು ಬಾಯಿಪಾಠ.

ಸಮಿತಿ ತಿದ್ದಿದ ಇನ್ನೊಂದು ಪದ "ಹರಡು". ಅದರ ಜಾಗಕ್ಕೆ "ಪ್ರಸರಣ" ಬಂದಿತ್ತು. ಆಕಾಶವಾಣಿ ಕಾರ್ಯಕ್ರಮಗಳ ಪ್ರಸಾರ, ಪ್ರಸರಣವನ್ನು ನಾವು ಕೇಳುತ್ತಲೇ ಬೆಳೆದವರು. ಟವರಿನಿಂದ ಸಿಗ್ನಲ್ ಹೊರಡುವುದೂ ಪ್ರಸರಣ, ಗಾಳಿಯಲ್ಲಿ ಅಲೆ ಸಾಗುವುದೂ ಪ್ರಸರಣ. ಈಗ ಕೋಡಿನಿಂದ ಹರಡುವುದೂ ಪ್ರಸರಣ. "ಪ್ರಸರಿತ ಸಂಕೇತದ ಪ್ರಸರಣದ ನಂತರ ಅದರ ಪ್ರಸರಣ" ಎಂದು ಓದಿದ ವಿದ್ಯಾರ್ಥಿ ಯಾವುದು ಮೊದಲು, ಯಾವುದು ಆಮೇಲೆ ಎಂದು ಹೇಗೆ ತಿಳಿಯಬೇಕು? ಸ್ಪೆಕ್ಟ್ರಮ್ಮಿಗೆ ಭೌತಶಾಸ್ತ್ರದ ಪುಸ್ತಕ ರೋಹಿತ ಎನ್ನುತ್ತದೆ, ವರ್ಣಪಟಲ ಎಂದೂ ಅನ್ನುತ್ತದೆ. 2ಜಿ ಹಗರಣದ ದಿನಗಳಲ್ಲಿ ಪತ್ರಿಕೆಗಳು ತರಂಗಗುಚ್ಛ ಎಂದವು, ತರಂಗಾಂತರ ಎಂದವು. ಫ್ರೀಕ್ವೆನ್ಸಿ ಶಾಲೆಯಲ್ಲಿ ಆವೃತ್ತಿ, ರೇಡಿಯೋದಲ್ಲಿ ಕಂಪನಾಂಕ. ಒಂದು ಕಡೆ ಮೂರು ವಸ್ತುವಿಗೆ ಒಂದು ಪದ, ಇನ್ನೊಂದು ಕಡೆ ಒಂದು ವಸ್ತುವಿಗೆ ನಾಲ್ಕು ಪದ. ಏಕರೂಪಗೊಳಿಸುವವರು ಮೊದಲು ಇಲ್ಲಿ ಕೈ ಹಾಕಬೇಕಿತ್ತು.

ನಮ್ಮ ಕಡೆ ಕಣದಲ್ಲಿ ರಾಗಿಯನ್ನು ಬಿಸಿಲಿಗೆ ಹರಡುತ್ತಾರೆ, ಸಂಜೆಗೆ ಬಳಿದು ರಾಶಿ ಮಾಡುತ್ತಾರೆ. ಸ್ಪ್ರೆಡ್ ಸ್ಪೆಕ್ಟ್ರಮ್ಮಿನಲ್ಲಿ ನಡೆಯುವುದೂ ಇದೇ ಎರಡು ಕೆಲಸ. ಕಳಿಸುವ ಕಡೆ ಶಕ್ತಿಯನ್ನು ಅಗಲಕ್ಕೆ ಹರಡುತ್ತಾರೆ, ಗದ್ದಲದ ಮಟ್ಟಕ್ಕಿಂತ ಕೆಳಗೆ ಹೋಗುವಷ್ಟು ತೆಳ್ಳಗಾದರೂ ಚಿಂತೆಯಿಲ್ಲ. ಪಡೆಯುವ ಕಡೆ ಅದೇ ಕೋಡಿನಿಂದ ಇನ್ನೊಮ್ಮೆ ಗುಣಿಸಿದಾಗ ಆ ಮಾತು ಮಾತ್ರ ರಾಶಿಯಾಗುತ್ತದೆ, ಮಿಕ್ಕವರ ಮಾತು ಹರಡಿದ ಹಾಗೆಯೇ ಉಳಿಯುತ್ತದೆ. ಇದನ್ನು ನಾನು ಅಧ್ಯಾಯದಲ್ಲಿ ಬರೆದಿದ್ದೆ. "ಗ್ರಾಮ್ಯ" ಎಂದು ಅಂಚಿನಲ್ಲಿ ಬರೆದು ಹೊಡೆದುಹಾಕಿದ್ದರು.

ಗ್ರಾಮ್ಯ! ಹಾಗಾದರೆ ಇಂಗ್ಲಿಷಿನ ಪದಗಳು ಎಲ್ಲಿಂದ ಬಂದವು, ಸ್ವಲ್ಪ ನೋಡೋಣ. ಚಿಪ್ ಎಂದರೆ ಮರ ಕಡಿಯುವಾಗ ಸಿಡಿಯುವ ಚಕ್ಕೆ. ಸೆಲ್ ಎಂಬ ಹೆಸರಿಗೆ ತಕ್ಕಂತೆ ಎಂಜಿನಿಯರುಗಳು ಊರನ್ನು ಜೇನುಗೂಡಿನ ಆರು ಮೂಲೆಯ ಕೋಣೆಗಳ ಹಾಗೆ ಗೆರೆ ಹಾಕಿ ಹಂಚುತ್ತಾರೆ. ಮಾತಾಡುವವರು ಹೆಚ್ಚಾದಾಗ ಸಿಡಿಎಂಎ ಸೆಲ್ಲಿನ ಹರವು ಕುಗ್ಗುತ್ತದೆ, ಕಡಿಮೆಯಾದಾಗ ಹಿಗ್ಗುತ್ತದೆ. ಅದಕ್ಕೆ ಅವರು ಇಟ್ಟ ಹೆಸರು ಸೆಲ್ಲಿನ ಉಸಿರಾಟ. ಸ್ಪ್ರೆಡ್ ಸ್ಪೆಕ್ಟ್ರಮ್ಮಿನ ಇನ್ನೊಂದು ಬಗೆ, ಫ್ರೀಕ್ವೆನ್ಸಿಯಿಂದ ಫ್ರೀಕ್ವೆನ್ಸಿಗೆ ಹಾರುತ್ತ ಹೋಗುವುದು. ಅದರ ಹೆಸರು "ಹಾಪಿಂಗ್", ಮಕ್ಕಳು ಕುಂಟೆಬಿಲ್ಲೆಯಲ್ಲಿ ಕುಪ್ಪಳಿಸುವಂಥ ಪದ. ನಟಿ ಹೆಡಿ ಲಮಾರ್ ಮತ್ತು ಸಂಗೀತಗಾರ ಜಾರ್ಜ್ ಆಂಥೈಲ್ ಅದರ ಒಂದು ರೂಪಕ್ಕೆ 1942ರಲ್ಲಿ ಪೇಟೆಂಟ್ ಪಡೆದಾಗ ಪಿಯಾನೋದ ಕೀಲಿಗಳಷ್ಟೇ, ಅಂದರೆ 88, ಫ್ರೀಕ್ವೆನ್ಸಿಗಳನ್ನು ಲೆಕ್ಕ ಹಾಕಿದ್ದರು. ಅವರಿಗೆ ಅವರ ಅಂಗಳ, ಅವರ ವಾದ್ಯ ನಾಚಿಕೆಯ ವಿಷಯವಾಗಿರಲಿಲ್ಲ.

ಇದರಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ರೇಕ್ ರಿಸೀವರ್. ನಾನು ಬಿ.ಇ. ಓದುವಾಗ ಬೋರ್ಡಿನ ಮೇಲೆ ಆ ಹೆಸರನ್ನು ಇಂಗ್ಲಿಷಿನ ನಾಲ್ಕು ದೊಡ್ಡಕ್ಷರಗಳಲ್ಲಿ ಬರೆದರು. ನಾವೆಲ್ಲ ಅದು ಯಾವುದೋ ನಾಲ್ಕು ಪದಗಳ ಮೊದಲಕ್ಷರ ಎಂದುಕೊಂಡೆವು. ಪರೀಕ್ಷೆಗೆ ವಿಸ್ತೃತ ರೂಪ ಕೇಳಿಯಾರು ಎಂದು ಹೆದರಿ ಹಾಸ್ಟೆಲ್ಲಿನಲ್ಲಿ ಒಬ್ಬಳು ತಾನೇ ಒಂದು ವಿಸ್ತೃತ ರೂಪ ಕಟ್ಟಿದಳು, ಮಿಕ್ಕವರು ಅದನ್ನು ಉರುಹೊಡೆದೆವು. ವರ್ಷಗಳ ಮೇಲೆ ಗೊತ್ತಾಯಿತು, ಅದು ಸಂಕ್ಷೇಪವೇ ಅಲ್ಲ. ರೇಕ್ ಎಂದರೆ ಕಸ ಬಾಚುವ ಹಲ್ಲಿನ ಸಲಕರಣೆ. ಒಂದೇ ಮಾತು ಗುಡ್ಡಕ್ಕೆ, ಕಟ್ಟಡಕ್ಕೆ ಬಡಿದು ಹಲವು ದಾರಿಗಳಲ್ಲಿ ಕೊಂಚ ಕೊಂಚ ತಡವಾಗಿ ಬರುತ್ತದೆ. ಒಂದೊಂದು ಹಲ್ಲು ಒಂದೊಂದು ತಡವನ್ನು ಹಿಡಿಯುತ್ತದೆ, ಕೊನೆಗೆ ಎಲ್ಲವನ್ನೂ ಕೂಡಿಸುತ್ತಾರೆ. 1958ರಲ್ಲಿ ರಾಬರ್ಟ್ ಪ್ರೈಸ್ ಮತ್ತು ಪಾಲ್ ಗ್ರೀನ್ ಇದನ್ನು ಪ್ರಕಟಿಸಿದಾಗ ಅವರ ಕಣ್ಣ ಮುಂದಿದ್ದದ್ದು ತೋಟದ ಸಲಕರಣೆ. ನಮ್ಮ ಮನೆಯ ಹಿತ್ತಿಲಲ್ಲಿ ಗೋಡೆಗೆ ಒರಗಿಸಿದ ಹಲುಬೆ ಇತ್ತು. ರಾಗಿ ಪೈರಿನ ನಡುವೆ ಹಲುಬೆ ಹೊಡೆಯುವುದನ್ನು ನೋಡುತ್ತ ಬೆಳೆದ ನಾನು, ಹಲ್ಲಿನ ಹಲುಬೆಯಂಥ ರಿಸೀವರ್ ಎಂಬ ಒಂದು ಮಾತು ಕೇಳಿದ್ದರೆ ಆ ಚಿತ್ರವನ್ನು ಮರೆಯುತ್ತಿರಲಿಲ್ಲ.

ಇದನ್ನು ಇಂಗ್ಲಿಷೇ ಸಾಕು ಎನ್ನುವವರಿಗೂ ಹೇಳುತ್ತಿದ್ದೇನೆ. ತಾಂತ್ರಿಕ ವಿಷಯವನ್ನು ಕನ್ನಡದಲ್ಲಿ ಹೇಳಹೋಗಿ ಯಾಕೆ ಕಷ್ಟಪಡುತ್ತೀರಿ, ಮೂಲ ಪದಗಳನ್ನೇ ಕಲಿತರೆ ಆಯಿತಲ್ಲ ಎಂಬುದು ಅವರ ವಾದ. ಮೂಲ ಪದಗಳನ್ನು ನಾವು ಕಲಿತೆವು, ಸ್ವಾಮಿ. ಕಲಿತದ್ದು ಹೇಗೆ ಎಂದು ಈಗಷ್ಟೇ ಹೇಳಿದೆ. ಅವರ ಭಾಷೆಯಲ್ಲಿ ಅಂಗಳದ ಪದವಾಗಿದ್ದದ್ದು ನಮ್ಮ ತರಗತಿಯಲ್ಲಿ ಮಂತ್ರವಾಯಿತು. ಇಂಗ್ಲಿಷ್ ಮಂತ್ರದ ಬದಲು ಸಂಸ್ಕೃತ ಮಂತ್ರ ಕೊಟ್ಟರೂ ವಿದ್ಯಾರ್ಥಿಯ ಪಾಡು ಬದಲಾಗುವುದಿಲ್ಲ.

ಆ ಪಾಡು ಏನೆಂದು ನಾನು ವಾರಕ್ಕೆ ನಾಲ್ಕು ತಾಸು ನೋಡುತ್ತೇನೆ. ಸಂಶೋಧನೆಯ ಜೊತೆಗೆ ಒಂದು ಪಾಲಿಟೆಕ್ನಿಕ್‌ನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಪಾಠ ಮಾಡುತ್ತೇನೆ. ಕಳೆದ ವರ್ಷ ಸಿಡಿಎಂಎ ಪಾಠ ಮುಗಿಸಿ "ಎನಿ ಡೌಟ್ಸ್?" ಎಂದಾಗ ಒಂದೂ ಕೈ ಏಳಲಿಲ್ಲ. ಹೊರಗೆ ಬಂದರೆ ಮೆಟ್ಟಿಲ ಹತ್ತಿರ ಒಬ್ಬ ಹುಡುಗ ನಿಂತಿದ್ದ. "ಮೇಡಂ, ಎಲ್ಲಾರೂ ಒಂದೇ ಫ್ರೀಕ್ವೆನ್ಸಿಲಿ ಮಾತಾಡಿದ್ರೆ ಕಲಸೋಗಲ್ವಾ? ಕಲಸೋಗಿದ್ದನ್ನ ಹೆಂಗೆ ಬಿಡಿಸ್ತಾರೆ?" ಸಿಡಿಎಂಎ ಬಗ್ಗೆ ಕೇಳಬಹುದಾದ ಅತ್ಯಂತ ಒಳ್ಳೆಯ ಪ್ರಶ್ನೆ ಅದು. ಅರವತ್ತು ಜನರ ತರಗತಿಯಲ್ಲಿ ಅದು ಬಾಯಿಂದ ಹೊರಬರಲಿಲ್ಲ, ಏಕೆಂದರೆ ಅಲ್ಲಿ ಇಂಗ್ಲಿಷಿನಲ್ಲಿ ಕೇಳಬೇಕಿತ್ತು.

ಅವನ ನೋಟುಪುಸ್ತಕದ ಹಿಂದಿನ ಹಾಳೆಯಲ್ಲಿ ನಾಲ್ಕು ಚಿಪ್ಪಿನ ಎರಡು ಕೋಡ್ ಬರೆದೆ. ನಿನ್ನದು +1, +1, −1, −1. ಪಕ್ಕದವನದು +1, −1, +1, −1. ನೀನು +1 ಕಳಿಸಿದೆ, ಅವನು −1 ಕಳಿಸಿದ. ಗಾಳಿಯಲ್ಲಿ ಎರಡೂ ಕಲಸಿದಾಗ ಸಿಗುವುದು 0, 2, −2, 0. ಇದನ್ನು ನಿನ್ನ ಕೋಡಿನಿಂದ ಗುಣಿಸಿ ಕೂಡು ಎಂದೆ. 4 ಬಂತು. ಅವನದರಿಂದ ಗುಣಿಸಿ ಕೂಡು ಎಂದೆ. −4 ಬಂತು. ನಾಲ್ಕರಿಂದ ಭಾಗಿಸಿದರೆ ನೀನು ಕಳಿಸಿದ್ದು ನಿನಗೆ, ಅವನು ಕಳಿಸಿದ್ದು ಅವನಿಗೆ. ಹುಡುಗ ಸ್ವಲ್ಪ ಹೊತ್ತು ಹಾಳೆ ನೋಡಿ, "ಕಲಸಿದ್ರೂ ಕೆಡಲ್ಲ ಅನ್ನಿ" ಎಂದ. ಆಮೇಲೆ ತಾನಾಗಿಯೇ ಇನ್ನೊಂದು ಕೇಳಿದ: "ಹತ್ರ ಇರೋನು ಜೋರಾಗಿ ಕೂಗಿದ್ರೆ ದೂರದೋನ್ದು ಮುಳುಗೋಗಲ್ವಾ?" ಎಂಜಿನಿಯರುಗಳು ಹತ್ತಿರ-ದೂರದ ಸಮಸ್ಯೆ ಎಂದು ಕರೆಯುವುದು ಇದನ್ನೇ. ಐಎಸ್-95ರಲ್ಲಿ ಟವರು ಪ್ರತಿ ಫೋನಿಗೂ ಸೆಕೆಂಡಿಗೆ 800 ಸಲ "ದನಿ ಏರಿಸು", "ದನಿ ಇಳಿಸು" ಎಂದು ಹೇಳುತ್ತಿರುವುದು ಇದಕ್ಕಾಗಿಯೇ.

ಆ ಹುಡುಗ ಬಳಸಿದ ಪದಗಳನ್ನು ಗಮನಿಸಿ. ಫ್ರೀಕ್ವೆನ್ಸಿ ಎಂಬ ನಾಮಪದವನ್ನು ಇಂಗ್ಲಿಷಿನಿಂದ ತಂದುಕೊಂಡ, ಅವನಿಗೆ ಅದರಿಂದ ಏನೂ ತೊಂದರೆಯಾಗಲಿಲ್ಲ. ಆದರೆ ವಿಷಯವನ್ನು ಹೊತ್ತದ್ದು ಕ್ರಿಯಾಪದಗಳು. ಕಲಸು, ಬಿಡಿಸು, ಕೆಡು, ಕೂಗು, ಮುಳುಗು. ನಮ್ಮ ಪದಕೋಶಗಳು ನಾಮಪದಗಳ ಮೇಲೆ ಬೆವರು ಸುರಿಸುತ್ತವೆ. ಕ್ರಿಯೆ ಬೇಕಾದಾಗ ಆ ನಾಮಪದದ ಬಾಲಕ್ಕೆ "ಗೊಳಿಸಲ್ಪಡುತ್ತದೆ" ಎಂದು ಅಂಟಿಸುತ್ತವೆ. ಯಾರು ಮಾಡಿದರು, ಯಾವುದಕ್ಕೆ ಮಾಡಿದರು, ಏನಾಯಿತು ಎಂಬುದೆಲ್ಲ ಅಲ್ಲಿ ಮಾಯ. ಹೆಸರು ಎಲ್ಲಿಂದಾದರೂ ಬರಲಿ, ಕೆಲಸವನ್ನು ಹೇಳುವ ಮಾತು ಮಾತ್ರ ಕಲಿಯುವವರ ನಾಲಿಗೆಯದ್ದಾಗಿರಬೇಕು.

ಏಕರೂಪದ ವಾದಕ್ಕೆ ಹಳೆಯ ಬೇರಿದೆ. ವೈಜ್ಞಾನಿಕ ಮತ್ತು ತಾಂತ್ರಿಕ ಪದಾವಳಿಗಾಗಿ ಕೇಂದ್ರ ಸರ್ಕಾರ 1961ರಲ್ಲಿ ಆಯೋಗವೊಂದನ್ನು ಸ್ಥಾಪಿಸಿತು. ಭಾರತದ ಭಾಷೆಗಳೆಲ್ಲಕ್ಕೂ ಆದಷ್ಟು ಸಮಾನವಾದ ಪದಗಳಿರಲಿ, ಅವು ಸಂಸ್ಕೃತ ಧಾತುಗಳಿಂದ ಬರಲಿ ಎಂಬುದು ಅದರ ನಿಲುವುಗಳಲ್ಲೊಂದು. ಅಂತರರಾಷ್ಟ್ರೀಯವಾಗಿ ಬಳಕೆಯಲ್ಲಿರುವ ಪದಗಳನ್ನು ಹಾಗೆಯೇ ಉಳಿಸಿಕೊಳ್ಳಬೇಕೆಂಬುದೂ ಅದರ ತತ್ವಗಳಲ್ಲಿದೆ. ನಮ್ಮ ಸಮಿತಿಗಳಿಗೆ ಮೊದಲನೆಯದು ಮಾತ್ರ ನೆನಪಿರುತ್ತದೆ. ಪಟ್ನಾದ ವಿದ್ಯಾರ್ಥಿಗೂ ತುಮಕೂರಿನ ವಿದ್ಯಾರ್ಥಿಗೂ ಒಂದೇ ಪದ ಸಿಕ್ಕಿ, ಇಬ್ಬರಿಗೂ ಅರ್ಥವಾಗದಿದ್ದರೆ ಆ ಏಕತೆಯಿಂದ ಯಾರಿಗೇನು ಲಾಭ?

ಹಾಗೆಂದು ಸಂಸ್ಕೃತದ ಪದಗಳೆಲ್ಲ ಹೊರಗೆ ಹೋಗಲಿ ಎಂದು ನಾನು ಹೇಳುವುದಿಲ್ಲ. ಕನ್ನಡದ್ದೇ ಬೇರುಗಳಿಂದ ಪದ ಕಟ್ಟಬೇಕೆಂದು ಡಿ.ಎನ್. ಶಂಕರ ಬಟ್ ಅವರು ಬಹುಕಾಲ ವಾದಿಸಿದರು. ಆ ವಾದದಿಂದ ನಾನು ಬಹಳ ಕಲಿತಿದ್ದೇನೆ. ಆದರೆ ಅಚ್ಚಗನ್ನಡವಾದರೂ ಪಟ್ಟಿಯಲ್ಲೇ ಹುಟ್ಟಿ ಪಟ್ಟಿಯಲ್ಲೇ ಉಳಿದರೆ ಅದರ ಗತಿಯೂ ಬೇರೆಯಲ್ಲ. "ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ" ಎಂಬ ಮಾತನ್ನು ನೋಡಿ. ಎರಡೂ ಸಂಸ್ಕೃತ ಪದಗಳು. ಫೋನಿನೊಳಗಿನ ಹೆಣ್ಣುದನಿ ಅದನ್ನು ನಮಗೆ ಸಾವಿರ ಸಲ ಹೇಳಿದೆ. ಅಕ್ಷರ ಬಾರದ ಅಜ್ಜಿಗೂ ಅದರ ಅರ್ಥ ಗೊತ್ತು, ಏಕೆಂದರೆ ಆ ಪದ ಬಂದದ್ದು ವಾಕ್ಯವಾಗಿ, ಮಗನಿಗೆ ಕರೆ ಹೋಗದೆ ಇದ್ದಾಗ. ಅದೇ ಜನ ರೀಚಾರ್ಜ್ ಮಾಡಿಸುವುದಕ್ಕೆ "ಕರೆನ್ಸಿ ಹಾಕಿಸು" ಎಂದರು, ನೆಟ್‌ವರ್ಕ್ ಸಿಗದಿದ್ದರೆ "ಟವರ್ ಇಲ್ಲ" ಎಂದರು. ಯಾವ ಸಮಿತಿಯನ್ನೂ ಕೇಳಲಿಲ್ಲ. ದೊಡ್ಡವರು ಕಟ್ಟಿದ "ಜಂಗಮವಾಣಿ" ಆಹ್ವಾನ ಪತ್ರಿಕೆಯ ಮೂಲೆಯಲ್ಲಿ ನಿಂತಿತು.

ಪದ ಕಟ್ಟುವ ಮೊದಲು ಕೆಲಸವನ್ನು ನೋಡಿದರೆ ಏನು ಲಾಭ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಬಸ್ಸಿನಲ್ಲಿ ಹೋಗುತ್ತ ಮಾತಾಡುವಾಗ ಫೋನು ಒಂದು ಟವರಿನಿಂದ ಇನ್ನೊಂದಕ್ಕೆ ದಾಟುತ್ತದೆ. ಇಂಗ್ಲಿಷಿನಲ್ಲಿ ಹ್ಯಾಂಡಾಫ್. ಕನ್ನಡದಲ್ಲಿ ಹಸ್ತಾಂತರ ಎನ್ನಬಹುದು, ನನ್ನ ತಕರಾರಿಲ್ಲ. ಜಿಎಸ್‌ಎಂನಲ್ಲಿ ಹಳೆಯ ಟವರನ್ನು ಬಿಟ್ಟು ಆಮೇಲೆ ಹೊಸದನ್ನು ಹಿಡಿಯಬೇಕು. ಸಿಡಿಎಂಎಯಲ್ಲಿ ಎರಡೂ ಟವರುಗಳು ಒಂದೇ ಫ್ರೀಕ್ವೆನ್ಸಿಯಲ್ಲಿರುವುದರಿಂದ ಹೊಸದನ್ನು ಹಿಡಿದುಕೊಂಡ ಮೇಲೆ ಹಳೆಯದನ್ನು ಬಿಡಬಹುದು. ಕೂಸನ್ನು ಅಮ್ಮನ ತೋಳಿನಿಂದ ಅಜ್ಜಿಯ ತೋಳಿಗೆ ದಾಟಿಸುವಾಗ ಅಜ್ಜಿ ಹಿಡಿಯುವ ತನಕ ಅಮ್ಮ ಕೈ ಬಿಡುವುದಿಲ್ಲವಲ್ಲ, ಹಾಗೆ. ಇಂಗ್ಲಿಷಿನಲ್ಲಿ ಇವೆರಡಕ್ಕೆ ಹಾರ್ಡ್, ಸಾಫ್ಟ್ ಎಂದು ಹೆಸರು. ಸಮಿತಿ "ಕಠಿಣ ಹಸ್ತಾಂತರ", "ಮೃದು ಹಸ್ತಾಂತರ" ಎಂದು ಬರೆಯಿತು. ಇದರಲ್ಲಿ ಮೃದುವಾದದ್ದು ಏನಿದೆ? ನಾನು ಬರೆದಿದ್ದದ್ದು "ಬಿಟ್ಟು ಹಿಡಿ" ಮತ್ತು "ಹಿಡಿದು ಬಿಡು". ಇಡೀ ತಂತ್ರ ಆ ಎರಡು ಪದಗಳ ಹಿಂದುಮುಂದಿನಲ್ಲಿದೆ. ಇಲ್ಲಿ ಕನ್ನಡ ಇಂಗ್ಲಿಷಿಗಿಂತ ಸ್ಪಷ್ಟವಾಗಿದೆ ಎಂದು ಯಾವ ವೇದಿಕೆಯಲ್ಲಿ ಬೇಕಾದರೂ ವಾದಿಸುತ್ತೇನೆ.

ಸಿಡಿಎಂಎ ಸತ್ತುಹೋಯಿತಲ್ಲ, ಈಗ ಯಾಕೆ ಈ ಗಲಾಟೆ ಎಂದು ಕೆಲವರು ಕೇಳಬಹುದು. 2003ರಲ್ಲಿ 501 ರೂಪಾಯಿ ಕಟ್ಟಿದರೆ ಸಿಗುತ್ತಿದ್ದ ಸಿಮ್ ಇಲ್ಲದ ರಿಲಯನ್ಸ್ ಫೋನು ಈಗ ಯಾರ ಬಳಿಯೂ ಇಲ್ಲ, ನಿಜ. ಆದರೆ ನಿಮ್ಮ ಮನೆ ಬಾಗಿಲಿಗೆ ಊಟ ತರುವ ಹುಡುಗನ ಫೋನಿನಲ್ಲಿ ಜಿಪಿಎಸ್ ಇದೆ. ಅದರ ಉಪಗ್ರಹಗಳು ಒಂದೇ ಫ್ರೀಕ್ವೆನ್ಸಿಯಲ್ಲಿ, ತಮ್ಮ ತಮ್ಮ ಕೋಡಿನಿಂದ ಹರಡಿದ ಸಿಗ್ನಲ್ ಕಳಿಸುತ್ತವೆ. ಸಾರ್ವಜನಿಕ ಬಳಕೆಯ ಮೂಲ ಕೋಡಿನಲ್ಲಿ 1,023 ಚಿಪ್, ಮಿಲಿಸೆಕೆಂಡಿಗೊಮ್ಮೆ ಮರುಕಳಿಕೆ. ನೆಲ ಮುಟ್ಟುವಾಗ ಆ ಸಿಗ್ನಲ್ ಗದ್ದಲಕ್ಕಿಂತ ಕೆಳಗಿರುತ್ತದೆ, ಕೋಡ್ ಗೊತ್ತಿರುವುದರಿಂದಲೇ ಫೋನು ಅದನ್ನು ಹೆಕ್ಕುತ್ತದೆ. ಇಸ್ರೋದ ನಾವಿಕ್ ವ್ಯವಸ್ಥೆ ನಡೆಯುವುದೂ ಇದೇ ತತ್ವದ ಮೇಲೆ, ಅದರ ಸಂಚರಣ ಕೇಂದ್ರ ಇರುವುದು ಬೆಂಗಳೂರಿನ ಪಕ್ಕದ ಬ್ಯಾಲಾಳುವಿನಲ್ಲಿ. 2021-22ರಿಂದ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಅನುಮತಿಯೂ ಸಿಕ್ಕಿದೆ. ಅನುಮತಿ ಸಿಕ್ಕಿತೆಂದು ಈಗ ಅವಸರದಲ್ಲಿ "ಸಂಕೇತವು ಸಂಕೇತದಿಂದ" ಎಂಬಂಥ ಪುಸ್ತಕಗಳನ್ನು ಅಚ್ಚು ಹಾಕಿದರೆ, ಕನ್ನಡದಲ್ಲಿ ವಿಜ್ಞಾನ ಆಗದು ಎನ್ನುವವರಿಗೆ ನಾವೇ ಸಾಕ್ಷಿ ಬರೆದುಕೊಟ್ಟಂತೆ.

ನಾನು ಕೇಳುವುದು ಕಷ್ಟದ್ದೇನಲ್ಲ. ಪದವನ್ನು ಒಪ್ಪುವ ಮೊದಲು ಅದನ್ನು ಅದರ ನೆರೆಹೊರೆಯ ಪದಗಳ ಜೊತೆ ಒಂದು ವಾಕ್ಯದಲ್ಲಿ ಕೂರಿಸಿ ನೋಡಿ. ಆ ವಾಕ್ಯವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿ. ಯಾರಾದರೂ ಆ ಪದ ಬಳಸಿ ಒಂದು ಡೌಟು ಕೇಳುತ್ತಾರೋ ನೋಡಿ. ಕೇಳಿದರೆ ಪದ ಉಳಿಯಲಿ, ಸಂಸ್ಕೃತದ್ದಿರಲಿ, ಇಂಗ್ಲಿಷಿನದ್ದಿರಲಿ, ಕಣದ್ದಿರಲಿ. ಪರಿಶೀಲನಾ ಸಮಿತಿಯಲ್ಲಿ ಭಾಷಾ ವಿದ್ವಾಂಸರ ಪಕ್ಕದಲ್ಲಿ ಪಾಠ ಮಾಡುವವರೊಬ್ಬರು, ಟವರ್ ಹತ್ತಿ ರಿಪೇರಿ ಮಾಡುವವರೊಬ್ಬರು, ಪಾಸಾದ ವಿದ್ಯಾರ್ಥಿಯೊಬ್ಬರು ಕೂರಲಿ.

ಆ ಅಧ್ಯಾಯವನ್ನು ನಾನು ಹಿಂದಕ್ಕೆ ಪಡೆದೆ. ತಿದ್ದುವ ಮೊದಲಿನ ಪ್ರತಿಯನ್ನು ಜೆರಾಕ್ಸ್ ಮಾಡಿಸಿ ಪಾಲಿಟೆಕ್ನಿಕ್‌ನ ಮಕ್ಕಳಿಗೆ ಕೊಟ್ಟೆ. ಸೆಮಿಸ್ಟರ್ ಮುಗಿದ ಮೇಲೆ ಒಬ್ಬಳ ಪ್ರತಿಯನ್ನು ಇಸಿದುಕೊಂಡು ನೋಡಿದೆ. ನಾನು ಬಹಳ ಪ್ರೀತಿಯಿಂದ ಹುಡುಕಿ ಬರೆದಿದ್ದ "ಚಕ್ಕೆ" ಎಂಬ ಪದವನ್ನು ಎಲ್ಲ ಕಡೆಯೂ ಹೊಡೆದು "ಚಿಪ್" ಎಂದು ಬರೆದುಕೊಂಡಿದ್ದಳು. "ಹಿಡಿದು ಬಿಡು" ಇದ್ದಲ್ಲಿ ಕೆಳಗೆ ಎರಡು ಗೆರೆ ಎಳೆದಿದ್ದಳು. ಮುಂದಿನ ಪ್ರತಿಯಲ್ಲಿ ನಾನೂ ಚಿಪ್ ಎಂದೇ ಬರೆದಿದ್ದೇನೆ.